ಅಗಲಿದವನ ದನಿ

ವಸ್ತ್ರಾಪುರದ ಕೆರೆಗೆ ಈಗ ಭಕ್ತಕವಿ ನರಸಿಂಹ ಮೆಹತಾರ ಹೆಸರು. ಅವರ ಪದಗಳು ಶತಮಾನಗಳ ಕಾಲ ಬಾಯಿಂದ ಬಾಯಿಗೆ ಹರಿದುಬಂದವು. ಯಾವ ನುಡಿ ಕವಿಯದು, ಯಾವುದು ಹಾಡುಗರದು ಎಂದು ಬಿಡಿಸುವುದು ವಿದ್ವಾಂಸರಿಗೂ ಕಷ್ಟ. ಭಕ್ತಿಗೆ ಅದರಿಂದ ಕುಂದಿಲ್ಲ, ಹಾಡು ಹರಿಯದು. ಆದರೆ ಒಬ್ಬ ಮನುಷ್ಯನ ಕಂಠವೂ ಹಾಗೆ ಎಲ್ಲರ ಸೊತ್ತಾಗಬಹುದೆ?

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ‘ಜೇಮ್ಸ್’ ಚಿತ್ರಕ್ಕೆ ದನಿ ಕೊಡುವ ಕೆಲಸ ಉಳಿದಿತ್ತು. ಅಣ್ಣ ಶಿವರಾಜ್‌ಕುಮಾರ್ ತಮ್ಮನ ಪಾತ್ರಕ್ಕೆ ತಮ್ಮ ದನಿಯಿತ್ತರು. 2022ರ ಮಾರ್ಚ್ 17ರಂದು, ಪುನೀತರ ಜನ್ಮದಿನದಂದೇ, ಚಿತ್ರ ತೆರೆಕಂಡಿತು. ಮರುತಿಂಗಳು ಯಂತ್ರವಿದ್ಯೆಯ ನೆರವಿನಿಂದ ಪುನೀತರದೇ ದನಿಯುಳ್ಳ ಪ್ರತಿ ಬಂದಿತು.

ಅಭಿಮಾನಿಗಳಿಗೆ ಅದು ಸಮಾಧಾನ ತಂದದ್ದು ಸಹಜವೇ. ಆದರೂ ಇಲ್ಲೊಂದು ಧರ್ಮಸೂಕ್ಷ್ಮವಿದೆ. ಬದುಕಿರುವ ಕಲಾವಿದ ತನ್ನ ದನಿಯನ್ನು ತಾನೇ ಕೇಳಿ, ಮನಸ್ಸೊಪ್ಪದಿದ್ದರೆ ‘ಇನ್ನೊಮ್ಮೆ’ ಎನ್ನಬಲ್ಲ. ಅಗಲಿದವನಿಗೆ ಆ ಅಧಿಕಾರವಿಲ್ಲ. ಅವನ ಪರವಾಗಿ ಒಪ್ಪುವವರಾರು? ಪ್ರೀತಿಯೆ? ಅದು ತನ್ನ ಬಯಕೆಯನ್ನೇ ಮೃತನ ಇಚ್ಛೆಯೆಂದು ಭ್ರಮಿಸುವುದೂ ಉಂಟು.

ಕನ್ನಡಕ್ಕೆ ಈ ಪ್ರಶ್ನೆ ಹೊಸದಲ್ಲ. ಕುಮಾರವ್ಯಾಸನ ಭಾರತ ಗದಾಪರ್ವಕ್ಕೆ ನಿಂತಿತು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿ ರಚಿಸಿದನು. ಅದಕ್ಕೆ ‘ಕೃಷ್ಣರಾಯ ಭಾರತ’ವೆಂದೇ ಬೇರೆ ಹೆಸರು. ಕಥೆ ಪೂರ್ಣವಾಯಿತು, ಗದುಗಿನ ನಾರಣಪ್ಪನ ಕಾವ್ಯ ಮಾತ್ರ ಹತ್ತು ಪರ್ವಗಳಲ್ಲೇ ಉಳಿಯಿತು. ತಿಮ್ಮಣ್ಣ ಬೆಸುಗೆಯನ್ನು ಮರೆಮಾಡಲಿಲ್ಲ.

ಶಿವರಾಜ್‌ಕುಮಾರ್ ದನಿಯಿತ್ತದ್ದೂ ಇದೇ ಜಾತಿಯ ಕಾರ್ಯ. ಆ ಪ್ರತಿಯಲ್ಲಿ ತುಟಿ ತಮ್ಮನದು, ಮಾತು ಅಣ್ಣನದು. ಅಗಲಿಕೆಯೂ ಅದರಲ್ಲಿಯೇ ಕೇಳಿಸುತ್ತದೆ. ಎರಡನೆಯ ಪ್ರತಿ ಕಿವಿಗೆ ಹಿತ, ನಿಜ. ಆದರೆ ಆ ಅಗಲಿಕೆಯನ್ನು ಮುಚ್ಚಿಬಿಡುತ್ತದೆ.