ಪೂರ್ಣವಾಗಿಲ್ಲವೆಂದು ಕೈಬಿಡಬೇಡಿರಿ

(ಫಿಲಿಪ್ಪಿಯವರಿಗೆ 3ನೆಯ ಅಧ್ಯಾಯ, 12ರಿಂದ 14ನೆಯ ವಚನಗಳು)

ಮೇಲೆ ಸೂಚಿಸಿದ ವಚನಗಳಲ್ಲಿ ಅಪೊಸ್ತಲನಾದ ಪೌಲನು ಎರಡು ಸಂಗತಿಗಳನ್ನು ಕೂಡಿಸಿ ಹೇಳುತ್ತಾನೆ. ತಾನು ಇನ್ನೂ ಸಿದ್ಧಿಗೆ ಬಂದವನಲ್ಲವೆಂಬದು ಒಂದು. ಆದರೂ ಗುರಿಯ ಕಡೆಗೆ ಓಡುವದನ್ನು ಬಿಡೆನೆಂಬದು ಇನ್ನೊಂದು. ನಾವಾದರೋ ಇವೆರಡನ್ನು ಬೇರ್ಪಡಿಸುತ್ತೇವೆ. ಕೆಲವರು ತಾವು ಪೂರ್ಣರೆಂದೆಣಿಸಿ ಕೂತುಕೊಳ್ಳುತ್ತಾರೆ. ಹಲವರು ಪೂರ್ಣರಾಗಲಾರೆವೆಂದು ಹೆದರಿ ಏಳುವದೇ ಇಲ್ಲ.

ನಾಲಿಗೆ ತೊದಲುವದೆಂದು ಸಭೆಯಲ್ಲಿ ಪ್ರಾರ್ಥಿಸದವನೂ, ಅಕ್ಷರ ಸೊಟ್ಟಗಾಗುವದೆಂದು ಬಳಪವನ್ನು ಮುಟ್ಟದ ತಾಯಿಯೂ ತಮ್ಮನ್ನು ದೀನರೆಂದು ತಿಳಿಯುತ್ತಾರೆ. ಆದರೆ ಹೃದಯವನ್ನು ಶೋಧಿಸಿದರೆ, ಜನರ ನಗೆಗೆ ಈಡಾಗಬಾರದೆಂಬ ಅಭಿಮಾನವೇ ಅಲ್ಲಿ ಅಡಗಿರುವದು. ಒಂದೇ ತಲಾಂತನ್ನು ಹೊಂದಿದ ಆಳು ಅದನ್ನು ಮಣ್ಣಿನಲ್ಲಿ ಹೂಣಿಟ್ಟದ್ದು ಭಯದಿಂದಲೇ ಅಲ್ಲವೇ?

ದಾಂಡೇಲಿಯ ಬಳಿಯ ಕೋಗಿಲಬನದವರು ಕಾಳೀ ನದಿಯನ್ನು ದಿನಾಲೂ ನೋಡುತ್ತಾರೆ. ಆ ನೀರು ಕಾರವಾರದ ಸಮುದ್ರವನ್ನು ಸೇರಬೇಕು. ಆದರೆ ದಾರಿ ನೆಟ್ಟಗಾಗಲೆಂದು ಅದು ಕಾಯುವದಿಲ್ಲ. ಬಂಡೆ ಅಡ್ಡ ಬಂದಲ್ಲಿ ಸುತ್ತಿ ಹರಿಯುತ್ತದೆ.

ನೆರೆಯ ಧಾರವಾಡ ಸೀಮೆಯಲ್ಲಿ ಸೇವೆಮಾಡಿದ ಫೆರ್ಡಿನಂಡ್ ಕಿಟ್ಟೆಲ್ ಅಯ್ಯನವರನ್ನೂ ನೆನಸಿರಿ. 1853ರಲ್ಲಿ ಜರ್ಮನಿಯಿಂದ ಈ ದೇಶಕ್ಕೆ ಬಂದಾಗ ಕನ್ನಡವು ಅವರಿಗೆ ಪರಭಾಷೆ. ಆದರೂ ಅವರು ಸುಮಾರು 70,000 ಶಬ್ದಗಳನ್ನು ಕೂಡಿಸಿದರು. ಆ ಕೋಶವು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಕನ್ನಡದ ಮಾತುಗಳೆಲ್ಲಾ ಅದರಲ್ಲಿ ಸೇರಲಿಲ್ಲ. ಮರಿಯಪ್ಪ ಭಟ್ಟರು ಅದನ್ನು ತಿದ್ದಿ ಬೆಳೆಸಲಾಗಿ, ಮದ್ರಾಸು ವಿಶ್ವವಿದ್ಯಾನಿಲಯವು 1968ರಿಂದ 1971ರ ವರೆಗೆ ನಾಲ್ಕು ಸಂಪುಟಗಳಾಗಿ ಪ್ರಕಟಿಸಿತು. ಒಂದು ಮಾತೂ ಬಿಡಬಾರದೆಂದು ಕಿಟ್ಟೆಲರು ಹಸ್ತಪ್ರತಿಯನ್ನು ಪೆಟ್ಟಿಗೆಯಲ್ಲಿಯೇ ಇಟ್ಟುಕೊಂಡಿದ್ದರೆ, ತಿದ್ದುವವರಿಗೆ ಏನು ಸಿಕ್ಕುತ್ತಿತ್ತು?

ಹಾಗಾದರೆ ಗುರಿಯನ್ನು ತಗ್ಗಿಸಬೇಕೋ? ಎಂದಿಗೂ ಇಲ್ಲ. ಹೇಗೋ ಮಾಡಿದರೆ ಸಾಕೆಂಬ ಮೈಗಳ್ಳತನವು ಯಾರಿಗೂ ಬೇಡ. ಗುರಿಯು ಎತ್ತರದಲ್ಲಿರಲಿ, ಇಂದಿನ ಹೆಜ್ಜೆಯು ಚಿಕ್ಕದಾದರೂ ಇಂದೇ ಇಡಲ್ಪಡಲಿ. ನಮ್ಮ ಭರವಸವು ನಮ್ಮ ಸಾಮರ್ಥ್ಯದ ಮೇಲಲ್ಲ, ಕರೆದಾತನ ನಂಬಿಗಸ್ತಿಕೆಯ ಮೇಲೆ ನಿಂತಿದೆ.

ತಂದೆತಾಯಿಗಳೇ, ಮಗುವು ಹತ್ತು ಲೆಕ್ಕಗಳಲ್ಲಿ ಎಂಟನ್ನು ಸರಿಯಾಗಿ ಮಾಡಿ ತಂದರೆ, ಮೊದಲು ಆ ಎಂಟಕ್ಕಾಗಿ ಸಂತೋಷಪಡಿರಿ. ಬಳಿಕ ಉಳಿದೆರಡನ್ನು ಕೂಡಿ ಕಲಿಯಿರಿ. ನಮ್ಮ ಪರಲೋಕದ ತಂದೆಯು ನಮ್ಮೊಡನೆ ಹಾಗೆಯೇ ನಡೆಯುತ್ತಾನಲ್ಲಾ! ಆಮೆನ್.