ಬೂದಿಯ ಮೋಡ ಮತ್ತು ಅಂತಿಯೋಕ್ಯದ ಕಾಣಿಕೆ



ಇಂದು ಆಗಮನ ಕಾಲದ ಮೊದಲನೆಯ ಭಾನುವಾರ. ಇಂದಿನ ಶುಭಸಂದೇಶದಲ್ಲಿ (ಮತ್ತಾಯ 24:37-44) ಯೇಸುಸ್ವಾಮಿ ನಮಗೆ ನೋಹನ ಕಾಲವನ್ನು ನೆನಪಿಸುತ್ತಾರೆ. ಆ ಜನರು ದೊಡ್ಡ ಪಾಪವೊಂದನ್ನು ಮಾಡುತ್ತಿದ್ದರೆಂದು ಪ್ರಭು ಇಲ್ಲಿ ಹೇಳುವುದಿಲ್ಲ. ಅವರು ಊಟ, ಮದುವೆ, ಮನೆಗೆಲಸಗಳಲ್ಲಿ ತೊಡಗಿದ್ದರು. ನೀರು ಬಾಗಿಲಿಗೆ ಬರುವ ತನಕ ಅವರಿಗೆ ಏನೂ ತಿಳಿಯಲಿಲ್ಲ, ಅಷ್ಟೇ. ನಮ್ಮ ಬದುಕೂ ಬಹುಮಟ್ಟಿಗೆ ಹೀಗೆಯೇ ಅಲ್ಲವೇ?

2025ರ ನವೆಂಬರ್ 23ರ ಭಾನುವಾರ, ನಾವು ಕ್ರಿಸ್ತರಾಜರ ಹಬ್ಬವನ್ನು ಆಚರಿಸಿದ ದಿನವೇ, ಇಥಿಯೋಪಿಯಾ ದೇಶದ ಹೈಲಿ ಗುಬ್ಬಿ ಎಂಬ ಅಗ್ನಿಪರ್ವತ ಸಿಡಿಯಿತು. ಸಾವಿರಾರು ವರ್ಷಗಳಿಂದ ಅದು ಸಿಡಿದ ದಾಖಲೆಯೇ ಇರಲಿಲ್ಲ. ಅದರ ಬೂದಿಯ ಮೋಡ ಕೆಂಪು ಸಮುದ್ರವನ್ನು ದಾಟಿ, ಯೆಮೆನ್ ಮತ್ತು ಓಮಾನ್ ದೇಶಗಳ ಮೇಲೆ ಹಾದು, ಮರುದಿನ ರಾತ್ರಿಗೆ ಗುಜರಾತ್, ರಾಜಸ್ಥಾನ, ದೆಹಲಿಗಳ ಆಕಾಶವನ್ನು ತಲುಪಿತು. ಹಲವು ವಿಮಾನಗಳು ರದ್ದಾದವು. ಕಣ್ಣೂರಿನಿಂದ ಅಬುಧಾಬಿಗೆ ಹೊರಟಿದ್ದ ಒಂದು ವಿಮಾನ ಅಹಮದಾಬಾದಿನಲ್ಲಿ ಇಳಿಯಬೇಕಾಯಿತು. ಎರಡು ದಿನಗಳಲ್ಲಿ ಮೋಡ ಚೀನಾದ ಕಡೆಗೆ ಸರಿದುಹೋಯಿತು. ನಮ್ಮ ಧಾರಾಪುರದಲ್ಲಿ ಯಾರ ಅಂಗಳಕ್ಕೂ ಒಂದು ಚಿಟಿಕೆ ಬೂದಿ ಬೀಳಲಿಲ್ಲ. ಆದರೆ ಮೊಬೈಲುಗಳಲ್ಲಿ ಮಾತ್ರ ಬಗೆಬಗೆಯ ಸಂದೇಶಗಳು ಬಿದ್ದವು: ಲೋಕದ ಅಂತ್ಯ ಹತ್ತಿರ ಬಂತು, ಇದು ದೇವರ ಶಿಕ್ಷೆ, ಇದನ್ನು ಹತ್ತು ಮಂದಿಗೆ ಕಳುಹಿಸಿರಿ!

ಇದು ಚಿಕ್ಕ ಸ್ಫೋಟ. ನಿಜವಾಗಿಯೂ ದೊಡ್ಡದೊಂದು ಸಂಭವಿಸಿದರೆ ಏನಾದೀತು? ಹೆದರುವುದಕ್ಕಾಗಿ ಈ ಪ್ರಶ್ನೆ ಕೇಳುತ್ತಿಲ್ಲ. ನಮ್ಮ ವಿಶ್ವಾಸ ಅಂಥ ದಿನದಲ್ಲಿ ನಮ್ಮಿಂದ ಏನನ್ನು ಕೇಳುತ್ತದೆ ಎಂದು ತಿಳಿಯಲು ಕೇಳುತ್ತಿದ್ದೇವೆ.

ಅಂಥದ್ದೊಂದು ನಡೆದಿದೆ. 1815ರ ಏಪ್ರಿಲ್ 10ರಂದು ಇಂಡೊನೇಷ್ಯಾದ ಸುಂಬಾವಾ ದ್ವೀಪದಲ್ಲಿ ತಂಬೋರ ಪರ್ವತ ಸಿಡಿಯಿತು. ಬೆಂಕಿಯಿಂದಲೂ ಅದರ ಹಿಂದೆಯೇ ಬಂದ ಹಸಿವು ರೋಗಗಳಿಂದಲೂ ಆ ದ್ವೀಪಗಳಲ್ಲಿ ಹತ್ತಾರು ಸಾವಿರ ಜನರು ಸತ್ತರು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೂದಿ ಬೇಗ ಕೆಳಗೆ ಬೀಳುತ್ತದೆ. ಆದರೆ ಅದರ ಜೊತೆ ಮೇಲೇರುವ ಗಂಧಕದ ಅನಿಲ ಬೀಳುವುದಿಲ್ಲ. ಮಳೆಮೋಡಗಳಿಗಿಂತ ಎತ್ತರದಲ್ಲಿ ಅದು ಸೂಕ್ಷ್ಮ ಹನಿಗಳಾಗಿ ಹರಡಿ, ಇಡೀ ಭೂಮಿಯ ಮೇಲೆ ತೆಳುವಾದ ಪರದೆಯಂತೆ ಒಂದೆರಡು ವರ್ಷ ನಿಲ್ಲುತ್ತದೆ. ಸೂರ್ಯನ ಬಿಸಿಲಿನ ಒಂದು ಪಾಲು ಹಿಂದಕ್ಕೆ ಹೋಗುತ್ತದೆ. ಮರುವರ್ಷ, 1816ರಲ್ಲಿ, ಯೂರೋಪಿಗೂ ಅಮೆರಿಕದ ಪೂರ್ವಭಾಗಕ್ಕೂ ಬೇಸಿಗೆಯೇ ಬರಲಿಲ್ಲ. ಜೂನ್ ತಿಂಗಳಲ್ಲಿ ಹಿಮ ಬಿತ್ತು. ಬೆಳೆ ಕೊಳೆಯಿತು, ರೊಟ್ಟಿಯ ಬೆಲೆ ಏರಿತು, ಜನ ದಂಗೆ ಎದ್ದರು. ನಮ್ಮ ದೇಶದಲ್ಲಿಯೂ ಮಳೆಗಾಲದ ಲೆಕ್ಕ ತಪ್ಪಿತು. 1817ರಲ್ಲಿ ಬಂಗಾಳದಿಂದ ಹೊರಟ ಕಾಲರಾ ಮರುವರ್ಷ ಮದ್ರಾಸು ಪ್ರಾಂತ್ಯಕ್ಕೂ ಇಳಿಯಿತು. ಆ ರೋಗದ ಹರಡುವಿಕೆಯಲ್ಲಿ ತಂಬೋರದ ಕೈಯೂ ಇತ್ತೆಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಎಲ್ಲಿಯೋ ಒಂದು ಬೆಟ್ಟ ಸಿಡಿದದ್ದಕ್ಕೆ ಹೆಸರೂ ಕೇಳಿರದ ಊರುಗಳಲ್ಲಿ ಬಡವರು ಹಸಿದು ಸತ್ತರು. ಯಾಕೆ ಸಾಯುತ್ತಿದ್ದೇವೆಂಬುದು ಸಾಯುವವರಿಗೆ ತಿಳಿದಿರಲಿಲ್ಲ.

ತಂಬೋರದಷ್ಟು ದೊಡ್ಡ ಸ್ಫೋಟ ಈ ಶತಮಾನದಲ್ಲಿ ಮತ್ತೆ ಆಗುವ ಸಾಧ್ಯತೆ ಆರರಲ್ಲಿ ಒಂದು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಹಾಗಾದರೆ ನಮ್ಮ ಊರಿಗೆ ಅದು ಹೇಗೆ ತಲುಪೀತು? ಬೂದಿಯಾಗಿ ಅಲ್ಲ, ಮಳೆಯ ಕೊರತೆಯಾಗಿ. ನೆಲ ಸಾಕಷ್ಟು ಕಾಯದಿದ್ದರೆ ಮುಂಗಾರು ದುರ್ಬಲವಾಗುತ್ತದೆ. ನಾವು ಮಳೆನೆರಳಿನ ಸೀಮೆಯವರು. ಪಾಲ್ಘಾಟ್ ಕಣಿವೆಯಿಂದ ನಮಗೆ ಬರುವುದು ಹೆಚ್ಚಾಗಿ ಗಾಳಿ. ಆ ಗಾಳಿಗೆ ನಮ್ಮ ಸುತ್ತಲಿನ ಗಾಳಿಯಂತ್ರಗಳು ತಿರುಗುತ್ತವೆ. ನೀರು ಬರುವುದು ಅಮರಾವತಿ ನದಿಯಿಂದ. ಆನೈಮಲೈ, ಪಳನಿ ಬೆಟ್ಟಗಳಲ್ಲಿ ಮಳೆ ಬಿದ್ದರೆ ಅಮರಾವತಿ ಅಣೆಕಟ್ಟಿನಲ್ಲಿ ನೀರು. ಅಣೆಕಟ್ಟಿನಲ್ಲಿ ನೀರಿದ್ದರೆ ನಮ್ಮ ಗದ್ದೆ, ತೆಂಗು, ದನಕರುಗಳಿಗೆ ಬದುಕು. ಎರಡು ವರ್ಷ ಆ ಬೆಟ್ಟಗಳು ಒಣಗಿದರೆ ಅಂಗಡಿಯಲ್ಲಿ ಅಕ್ಕಿಯ ಬೆಲೆ ಏನಾದೀತು? ಬೇರೆ ದೇಶಗಳಲ್ಲಿಯೂ ಬೆಳೆ ಸೋತಿರುವಾಗ ಧಾನ್ಯವನ್ನು ಯಾರು ಮಾರುತ್ತಾರೆ? ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳ ಬಟ್ಟೆಯನ್ನು ಕೊಳ್ಳುವ ದೂರದೇಶದವರು ತಮ್ಮ ಹಣವನ್ನೆಲ್ಲ ರೊಟ್ಟಿಗೇ ಸುರಿಯುವಾಗ, ಅಲ್ಲಿ ದುಡಿಯುವ ನಮ್ಮ ಮಕ್ಕಳ ಕೆಲಸ ಉಳಿದೀತೇ?

ಬರ ಬಂದಾಗ ಏನಾಗುತ್ತದೆಂಬುದು ಈ ಸೀಮೆಗೆ ಗೊತ್ತು. 1876ರಿಂದ 1878ರವರೆಗಿನ ಬರವನ್ನು ಕನ್ನಡಿಗರು ಧಾತು ಈಶ್ವರ ಬರವೆಂದು ಕರೆದರು. ನಮ್ಮ ತಮಿಳು ನೆರೆಯವರೂ ಅದನ್ನು ಅದೇ ಸಂವತ್ಸರದ ಹೆಸರಿನಿಂದ ನೆನೆಯುತ್ತಾರೆ. ಎರಡು ಭಾಷೆಗಳು, ಒಂದೇ ಹಸಿವು. ಅದಕ್ಕೆ ಕಾರಣ ಅಗ್ನಿಪರ್ವತವಲ್ಲ, ಮಳೆ ಕೈಕೊಟ್ಟದ್ದು. ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು 10 ಲಕ್ಷ ಜನರು ತೀರಿಹೋದರು. ಕೊಯಮತ್ತೂರು ಜಿಲ್ಲೆಯೂ ನರಳಿತು. ಆದರೆ ಆ ದಿನಗಳಲ್ಲಿಯೂ ಹಿಂದೂಸ್ಥಾನದ ಬಂದರುಗಳಿಂದ ಧಾನ್ಯ ತುಂಬಿದ ಹಡಗುಗಳು ಹೊರಡುತ್ತಲೇ ಇದ್ದವು. ಮಳೆಯನ್ನು ನಿಲ್ಲಿಸಿದ್ದು ಮನುಷ್ಯನಲ್ಲ. ಹಸಿದವನ ಮುಂದೆ ಕಣಜದ ಬಾಗಿಲನ್ನು ಮುಚ್ಚಿದ್ದು ಮಾತ್ರ ಮನುಷ್ಯನೇ. ಆಪತ್ತಿನ ದಿನ ಬಂದಾಗ ನಮ್ಮ ಮುಂದೆಯೂ ಅದೇ ಬಾಗಿಲು ಇರುತ್ತದೆ.

ಇಲ್ಲಿ ಎರಡು ತಪ್ಪುದಾರಿಗಳು ನಮ್ಮನ್ನು ಕರೆಯುತ್ತವೆ. ಮೊದಲನೆಯದು, ಆಪತ್ತನ್ನು ಸತ್ತವರ ಪಾಪಕ್ಕೆ ಲೆಕ್ಕ ಹಾಕುವುದು. ಸಿಲೋವದ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತಾಗ, ಅವರು ಉಳಿದವರಿಗಿಂತ ದೊಡ್ಡ ಪಾಪಿಗಳಲ್ಲವೆಂದು ಪ್ರಭುವೇ ಸ್ಪಷ್ಟವಾಗಿ ಹೇಳಿದರು (ಲೂಕ 13:4-5). ಹಾಗೆ ಹೇಳಿ, ಕೇಳುತ್ತಿದ್ದವರನ್ನೇ ಮನಪರಿವರ್ತನೆಗೆ ಕರೆದರು. ಎರಡನೆಯದು, ಹೇಗೂ ಎಲ್ಲವೂ ಮುಗಿಯುತ್ತದೆಂದು ಕೈಕಟ್ಟಿ ಕೂರುವುದು. ಭೂಕಂಪ, ಬರ, ಪಿಡುಗುಗಳ ಬಗ್ಗೆ ಮಾತಾಡುವಾಗಲೂ ಯೇಸುಸ್ವಾಮಿ ದಿಗಿಲುಪಡಬೇಡಿರೆಂದೇ ಹೇಳುತ್ತಾರೆ (ಲೂಕ 21:9). ಹತ್ತು ಮಂದಿಗೆ ದಿಗಿಲನ್ನು ಕಳುಹಿಸುವುದು ಶುಭಸಂದೇಶವನ್ನು ಸಾರುವುದಲ್ಲ.

ಹಾಗಾದರೆ ಸರಿಯಾದ ದಾರಿ ಯಾವುದು? ಪ್ರೇಷಿತರ ಕಾರ್ಯಕಲಾಪಗಳ 11ನೆಯ ಅಧ್ಯಾಯವನ್ನು ತೆರೆಯೋಣ. ಅಗಬ ಎಂಬ ಪ್ರವಾದಿ ಅಂತಿಯೋಕ್ಯಕ್ಕೆ ಬಂದು, ಲೋಕದಲ್ಲೆಲ್ಲ ದೊಡ್ಡ ಬರ ಬರಲಿದೆ ಎಂದು ತಿಳಿಸುತ್ತಾನೆ. ಬರ ಇನ್ನೂ ಬಂದಿಲ್ಲ. ಯಾರ ಪಾಪಕ್ಕಾಗಿ ಈ ಬರ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಲೋಕ ಯಾವ ದಿನ ಮುಗಿಯುತ್ತದೆಂದೂ ಕೇಳುವುದಿಲ್ಲ. ತಮ್ಮ ಮನೆಗೆ ಮೂಟೆ ತುಂಬಿಸಿಕೊಳ್ಳಲು ಓಡುವುದೂ ಇಲ್ಲ. ಪ್ರತಿಯೊಬ್ಬರೂ ತಮ್ಮ ಶಕ್ತಿಗೆ ತಕ್ಕಂತೆ ಜುದೇಯದ ಸಹೋದರರಿಗೆ ನೆರವು ಕಳುಹಿಸಲು ತೀರ್ಮಾನಿಸುತ್ತಾರೆ, ಮತ್ತು ಬಾರ್ನಬ, ಸೌಲರ ಕೈಯಲ್ಲಿ ಕಳುಹಿಸಿಯೂ ಬಿಡುತ್ತಾರೆ.

ಇದಕ್ಕೆ ಎರಡು ವಾಕ್ಯಗಳ ಹಿಂದೆ ಏನಿದೆ ನೋಡಿರಿ: ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಅಂತಿಯೋಕ್ಯದಲ್ಲಿಯೇ (11:26). ಆ ಹೆಸರು ಬಂದ ಮೇಲೆ ಆ ಸಭೆ ಸೇರಿ ಮಾಡಿದ ಕೆಲಸವೆಂದು ಪವಿತ್ರ ಗ್ರಂಥ ನಮಗೆ ಮೊದಲು ತಿಳಿಸುವುದು, ಇನ್ನೂ ಬಾರದ ಬರಕ್ಕಾಗಿ, ಕಣ್ಣಾರೆ ಕಾಣದ ಜನರಿಗಾಗಿ ಎತ್ತಿದ ಕಾಣಿಕೆಯನ್ನು. ಆ ಬರ ಬಂದಿತು, ಜೆರುಸಲೇಮ್ ನರಳಿತು. ಅದಿಯಬೀನದ ರಾಣಿ ಹೆಲೆನಾ ಈಜಿಪ್ಟಿನಿಂದ ಧಾನ್ಯವನ್ನೂ ಸೈಪ್ರಸ್ಸಿನಿಂದ ಅಂಜೂರವನ್ನೂ ತರಿಸಿ ಹಂಚಿದಳೆಂದು ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಆಕೆ ಕ್ರೈಸ್ತಳಲ್ಲ. ಒಳ್ಳೆಯತನ ನಮ್ಮ ಒಬ್ಬರದೇ ಸ್ವತ್ತಲ್ಲವೆಂಬುದನ್ನೂ ನಾವು ವಿನಯದಿಂದ ನೆನೆಯಬೇಕು.

ಅಂತಿಯೋಕ್ಯದ ಸಭೆ ಒಂದೇ ಭಾಷೆಯ, ಒಂದೇ ಊರಿನ ಸಭೆಯಾಗಿರಲಿಲ್ಲ. ಅದರ ಮುಂದಾಳುಗಳ ಪಟ್ಟಿಯಲ್ಲಿ (13:1) ಸೈಪ್ರಸ್ಸಿನ ಬಾರ್ನಬ, ಕುರೇನದ ಲೂಕಿಯ, ತಾರ್ಸದ ಸೌಲ, ನೀಗರನೆಂದು ಕರೆಯಲಾದ ಸಿಮೆಯೋನ, ಹೆರೋದನ ಜೊತೆ ಬೆಳೆದ ಮನಹೇನ ಇದ್ದಾರೆ. ನಮ್ಮ ಧರ್ಮಪ್ರಾಂತ್ಯವೂ ಹಾಗೆಯೇ. ತಮಿಳು, ಮಲಯಾಳಂ, ಕನ್ನಡ ಮಾತಾಡುವವರು ಒಂದೇ ಪೀಠದ ಮುಂದೆ ಮೊಣಕಾಲೂರುತ್ತೇವೆ. ಕನ್ನಡದವರಾದ ನಾವು ಇಲ್ಲಿ ಸ್ವಲ್ಪವೇ ಮಂದಿ. ನಮ್ಮ ಭಾಷೆಯಲ್ಲಿ ಬಲಿಪೂಜೆ ಬೇಕು, ನಮ್ಮ ಮಕ್ಕಳು ಕನ್ನಡದಲ್ಲಿ ಪ್ರಾರ್ಥಿಸಬೇಕು ಎಂದು ಬಯಸುವುದು ನ್ಯಾಯವೇ. ಆದರೆ ಸ್ವಲ್ಪ ಮಂದಿ ಇರುವವರಿಗೆ ಒಂದು ಶೋಧನೆಯೂ ಇದೆ: ಮೊದಲು ನಮ್ಮವರು, ಆಮೇಲೆ ಮಿಕ್ಕವರು ಎನ್ನುವುದು. ನಮಗಿಂತಲೂ ಒಂಟಿಯಾದವರು ಈ ಜಿಲ್ಲೆಯಲ್ಲಿದ್ದಾರೆ. ಒಡಿಶಾ, ಬಿಹಾರ, ಜಾರ್ಖಂಡಿನಿಂದ ದುಡಿಯಲು ಬಂದವರನ್ನು ನೆನೆಯಿರಿ. 2020ರ ಬೀಗಮುದ್ರೆಯ ದಿನಗಳಲ್ಲಿ ಕೂಲಿಯೂ ಇಲ್ಲದೆ, ಊರಿಗೆ ರೈಲೂ ಇಲ್ಲದೆ ಅಂಥವರು ದೇಶದುದ್ದಕ್ಕೂ ದಾರಿಯಲ್ಲಿ ನಿಂತದ್ದನ್ನು ನಾವೆಲ್ಲ ಕಂಡೆವು. ಎಲ್ಲಿಯೋ ಬೆಟ್ಟ ಸಿಡಿದು ಇಲ್ಲಿ ಅಕ್ಕಿ ತುಟ್ಟಿಯಾದರೆ ಮೊದಲು ಹಸಿಯುವವರು ಅವರೇ. ಅವರ ಪಾಲಿಗೆ ನಾವು ಅಂತಿಯೋಕ್ಯವಾಗಬಲ್ಲೆವೇ?

ಮುಂದಾಗಿ ಎಚ್ಚೆತ್ತುಕೊಂಡರೆ ಫಲವಿದೆ. 1991ರ ಜೂನ್ ತಿಂಗಳಲ್ಲಿ ಫಿಲಿಪ್ಪೀನ್ಸಿನ ಪಿನಟೂಬೊ ಪರ್ವತ ಸಿಡಿಯುವ ಮೊದಲೇ ವಿಜ್ಞಾನಿಗಳು ಎಚ್ಚರಿಕೆ ಕೊಟ್ಟರು, ಜನ ಕೇಳಿದರು, ಸಾವಿರಾರು ಜೀವಗಳು ಉಳಿದವು. ಬುದ್ಧಿಯೂ ದೇವರ ಕೊಡುಗೆಯೇ. ಇನ್ನೊಂದು ಸಾಕ್ಷಿ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರದಲ್ಲಿದೆ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರದ ತೋಬಾ ಪರ್ವತ ತಂಬೋರಕ್ಕಿಂತ ಎಷ್ಟೋ ಪಟ್ಟು ಭೀಕರವಾಗಿ ಸಿಡಿದಾಗ ಬಿದ್ದ ಬೂದಿ ಅಲ್ಲಿನ ನೆಲದಲ್ಲಿ ಇಂದಿಗೂ ದಪ್ಪ ಪದರವಾಗಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರೂ ಅವರ ಜೊತೆಗಾರರೂ ಅಲ್ಲಿ ಅಗೆದಾಗ ಬೂದಿಯ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಆಯುಧಗಳು ಸಿಕ್ಕವು. ಅಂದರೆ, ಆಕಾಶವೇ ಕಪ್ಪಾದ ಆ ದಿನಗಳ ನಂತರವೂ ಅಲ್ಲಿ ಜನ ಬದುಕಿ ಉಳಿದಿದ್ದರೆಂದು ಅವರು ತಿಳಿದರು. ನೋಹನೊಡನೆ ದೇವರು ಮಾಡಿದ ಒಡಂಬಡಿಕೆಯನ್ನು ಓದುವಾಗ ಆ ಬೂದಿಯನ್ನೂ ನೆನೆಯೋಣ.

ಆದ್ದರಿಂದ ಈ ಆಗಮನ ಕಾಲದಲ್ಲಿ ನಾವು ಮಾಡಬಹುದಾದ ಒಂದು ಸಣ್ಣ ಕೆಲಸ. ಪ್ರತಿದಿನ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕೋಣ. ಹಾಕುವಾಗ ಒಂದು ಪರಲೋಕ ಮಂತ್ರವನ್ನು ಹೇಳೋಣ. ಅನುದಿನದ ಆಹಾರವನ್ನು ನಾವು ಕೇಳುವುದು ನಮಗೆ ಎಂದು, ನನಗೆ ಮಾತ್ರ ಎಂದಲ್ಲ. ಕ್ರಿಸ್ತಜಯಂತಿಯ ಮುಂಚಿನ ಭಾನುವಾರ ಅದನ್ನು ದೇವಾಲಯಕ್ಕೆ ತಂದು, ಭಾಷೆ ಮತಗಳನ್ನು ಕೇಳದೆ, ಒಲೆ ಉರಿಯದ ಮನೆಗೆ ಮುಟ್ಟಿಸೋಣ. ದೊಡ್ಡ ಆಪತ್ತು ಬಂದ ದಿನ ಕೈ ತಾನಾಗಿ ತೆರೆಯುವುದಿಲ್ಲ. ಇಂದೇ ಅದಕ್ಕೆ ಅಭ್ಯಾಸ ಬೇಕು. ಇನ್ನು, ದಿಗಿಲಿನ ಸಂದೇಶವೊಂದು ಮೊಬೈಲಿಗೆ ಬಂದರೆ ಅದನ್ನು ಅಲ್ಲಿಗೇ ನಿಲ್ಲಿಸಿ, ಆಪತ್ತಿನಲ್ಲಿರುವ ಆ ಜನರಿಗಾಗಿ ಒಂದು ನಮೋ ಮರಿಯ ಹೇಳೋಣ. ಹೈಲಿ ಗುಬ್ಬಿಯ ಬುಡದಲ್ಲಿ ದನಗಾಹಿಗಳ ಹಳ್ಳಿಗಳ ಹುಲ್ಲುಗಾವಲು ಬೂದಿಯಲ್ಲಿ ಹೂತುಹೋಯಿತು. ಅವರೂ ನಮ್ಮ ನೆರೆಯವರೇ.

ಮನುಷ್ಯಪುತ್ರ ಬರುವ ಗಳಿಗೆ ನಮಗೆ ತಿಳಿಯದು. ಬಂದಾಗ ಅವರು ನಮ್ಮನ್ನು ಆಕಾಶ ನೋಡುತ್ತಾ ನಡುಗುವವರಾಗಿ ಅಲ್ಲ, ಹಸಿದವರಿಗೆ ಬಡಿಸುತ್ತಿರುವವರಾಗಿ ಕಾಣಲಿ. ಅಮ್ಮ ಮರಿಯಳ ಬಿನ್ನಹದಿಂದ ಪ್ರಭು ನಮ್ಮನ್ನೂ ನಮ್ಮ ನೆಲ ನೀರುಗಳನ್ನೂ ಕಾಪಾಡಲಿ. ಆಮೆನ್.