ಹಾಡಿನ ಋಣ

ಇಷ್ಟವಾದುದು, ಶ್ರೇಷ್ಠವಾದುದು, ಪ್ರಭಾವಶಾಲಿಯಾದುದು ಎಂಬ ಮೂರು ಮಾತುಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟು ಬಳಸುವ ವಾಡಿಕೆ ಲೋಕದಲ್ಲುಂಟು. ಇಷ್ಟವೆಂಬುದು ಕೇಳುವವನ ಮನಸ್ಸಿಗೆ ಸೇರಿದ್ದು. ಅದಕ್ಕೆ ಅವನು ಯಾರಿಗೂ ಲೆಕ್ಕ ಒಪ್ಪಿಸಬೇಕಾದುದಿಲ್ಲ. ಶ್ರೇಷ್ಠತೆಯನ್ನು ಕುರಿತು ಎಷ್ಟು ಬೇಕಾದರೂ ವಾದಿಸಬಹುದು, ವಾದವು ಮುಗಿಯಲಾರದು. ಪ್ರಭಾವದ ಮಾತು ಹಾಗಲ್ಲ. ಒಂದು ಕೃತಿಯಿಂದ ಮತ್ತೊಂದು ಹುಟ್ಟಿತೆಂದ ಮೇಲೆ ಅಲ್ಲಿ ಕೊಟ್ಟವನೊಬ್ಬನು, ಪಡೆದವನೊಬ್ಬನು ಇರಲೇಬೇಕು; ಕೊಡುಕೊಳ್ಳುವಿಕೆ ಇರುವಲ್ಲಿ ಋಣವೂ ಇರುವುದು. ಆ ಋಣವು ಯಾರಿಗೆ ಸಲ್ಲತಕ್ಕದ್ದು ಎಂಬುದೇ ಇಲ್ಲಿ ವಿಚಾರಮಾಡಬೇಕಾಗಿರುವ ಸಂಗತಿ.

ಕೊಳ್ಳೇಗಾಲ, ಯಳಂದೂರುಗಳ ವಿದ್ಯಾವಂತ ಮನೆಗಳಲ್ಲಿಯೂ ಪಾಶ್ಚಾತ್ಯ ಸಂಗೀತವನ್ನು ಆಸ್ಥೆಯಿಂದ ಕೇಳುವ ತರುಣರುಂಟು. ಅವರಲ್ಲಿ ಕೆಲವರಿಗೆ ಪ್ರೊಗ್ರೆಸಿವ್ ರಾಕ್ ಎಂಬ ಸಂಪ್ರದಾಯದ ಮೇಲೆ, ಅದರಲ್ಲಿಯೂ ೧೯೬೭ರಿಂದ ೧೯೬೯ರವರೆಗಿನ ಮೊದಲ ಧ್ವನಿಮುದ್ರಿಕೆಗಳ ಮೇಲೆ, ಬಲವಾದ ಮೋಹ. ಈ ಮೋಹವು ಹುಡುಗಾಟದ್ದಲ್ಲ. ಆ ಮೂರು ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ನಡೆದ ಕಾರ್ಯವು ನಿಜವಾಗಿ ವಿಚಾರಾರ್ಹವಾದುದು.

ಹಳೆಯ ಗ್ರಾಮಫೋನು ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಾಲ್ಕು ನಿಮಿಷಕ್ಕಿಂತ ಹೆಚ್ಚಿನ ಹಾಡು ಹಿಡಿಯುತ್ತಿರಲಿಲ್ಲ. ೧೯೪೮ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿಯವರು ಹೊರತಂದ ದೀರ್ಘ ತಟ್ಟೆಯಲ್ಲಿ ಮಗ್ಗುಲಿಗೆ ಇಪ್ಪತ್ತು ನಿಮಿಷಗಳಿಗೂ ಮೀರಿ ಅವಕಾಶ ದೊರೆಯಿತು. ಆದರೂ ಜನಪ್ರಿಯ ಹಾಡುಗಾರರು ಆ ವಿಸ್ತಾರವನ್ನು ಬಹುಮಟ್ಟಿಗೆ ಚಿಕ್ಕ ಹಾಡುಗಳ ಗಂಟನ್ನು ಕಟ್ಟುವುದಕ್ಕೇ ಬಳಸಿದರು. ಪಾತ್ರೆ ದೊಡ್ಡದಾದ ಮಾತ್ರಕ್ಕೆ ಅಡಿಗೆ ಬದಲಾಗಲಿಲ್ಲ. ೧೯೬೬ರ ಆಗಸ್ಟಿನಲ್ಲಿ ಬೀಟಲ್ಸ್ ಮೇಳದವರು ಸಭೆಗಳಲ್ಲಿ ಹಾಡುವುದನ್ನೇ ನಿಲ್ಲಿಸಿ, ಮುದ್ರಣಶಾಲೆಯನ್ನು ಹೊಕ್ಕು, ಸುಮಾರು ಐದು ತಿಂಗಳ ದುಡಿಮೆಯಿಂದ 'ಸಾರ್ಜೆಂಟ್ ಪೆಪ್ಪರ್' ಎಂಬುದನ್ನು ಸಿದ್ಧಮಾಡಿದರು. ಅದು ೧೯೬೭ರಲ್ಲಿ ಹೊರಬಂದಿತು. ಅದೇ ವರ್ಷದ ಕೊನೆಯಲ್ಲಿ ಮೂಡಿ ಬ್ಲೂಸ್ ಎಂಬ ಮೇಳವು ಒಂದು ದಿನದ ಬೆಳಗಿನಿಂದ ರಾತ್ರಿಯವರೆಗಿನ ಭಾವಗಳನ್ನು ದೊಡ್ಡ ವಾದ್ಯವೃಂದದ ಸಂಗಡ ಒಂದೇ ತಟ್ಟೆಯಲ್ಲಿ ಹೆಣೆಯಿತು. ೧೯೬೮ರ ಡಿಸೆಂಬರಿನಲ್ಲಿ ಪ್ರೆಟಿ ಥಿಂಗ್ಸ್ ಎಂಬವರು ಒಬ್ಬ ಮನುಷ್ಯನ ಹುಟ್ಟಿನಿಂದ ಮುಪ್ಪಿನವರೆಗಿನ ಕಥೆಯನ್ನು 'ಎಸ್. ಎಫ್. ಸಾರೋ' ಎಂಬ ಹೆಸರಿನಿಂದ ಹಾಡಿದರು. ಆಗ ಅದನ್ನು ಕೊಂಡವರು ಕಡಮೆ. ೧೯೬೯ರ ಮೇ ತಿಂಗಳಿನಲ್ಲಿ ದಿ ಹೂ ಮೇಳದ 'ಟಾಮಿ' ಬಂದಿತು. ಅದು ಕಣ್ಣು, ಕಿವಿ, ಮಾತು ಮೂರನ್ನೂ ಕಳೆದುಕೊಂಡ ಬಾಲಕನ ಕಥೆ. ಅದೇ ಅಕ್ಟೋಬರಿನಲ್ಲಿ ಕಿಂಗ್ ಕ್ರಿಮ್ಸನ್ ಎಂಬ ಹೊಸ ಮೇಳದ ಮೊದಲ ಧ್ವನಿಮುದ್ರಿಕೆಯು ಹೊರಬಿದ್ದು, ಈ ಸಂಪ್ರದಾಯಕ್ಕೆ ಮಾದರಿಯೆಂದು ಹೆಸರಾಯಿತು.

ಈ ಕೊನೆಯದರ ವಿಷಯದಲ್ಲಿ ಕೊಂಚ ನಿಲ್ಲಬೇಕು. ಅದರಲ್ಲಿರುವುವು ಐದೇ ಹಾಡುಗಳು. ಅದರಲ್ಲಿ ಕೇಳಿಬರುವ ಗಂಭೀರವಾದ ತಂತಿವಾದ್ಯಗಳ ಧ್ವನಿಯು ತಂತಿವಾದ್ಯಗಾರರದಲ್ಲ. ಮೆಲೊಟ್ರಾನ್ ಎಂಬ ಯಂತ್ರದ್ದು. ಆ ಯಂತ್ರದ ಒಂದೊಂದು ಮನೆಯ ಅಡಿಯಲ್ಲಿಯೂ ಮೊದಲೇ ಮುದ್ರಿಸಿದ ನಾದದ ಪಟ್ಟಿಯೊಂದಿದ್ದು, ಮನೆಯನ್ನು ಒತ್ತಿದರೆ ಸುಮಾರು ಎಂಟು ಸೆಕೆಂಡುಗಳ ಕಾಲ ನುಡಿದು ನಿಲ್ಲುತ್ತಿತ್ತು. ಎಂದೋ ಯಾರೋ ಮೀಟಿದ ತಂತಿಯನ್ನು ಇಂದು ಇನ್ನೊಬ್ಬನು ಬೆರಳಿನಿಂದ ಎಬ್ಬಿಸುವ ಉಪಾಯವದು. ಇನ್ನೂ ವಿಚಿತ್ರವಾದ ಸಂಗತಿಯೆಂದರೆ, ಧ್ವನಿಮುದ್ರಿಕೆ ಹೊರಬಂದ ಕೆಲವೇ ತಿಂಗಳುಗಳಲ್ಲಿ ಆ ಮೇಳವು ಒಡೆದುಹೋಯಿತು. ಇಬ್ಬರು ವರ್ಷಾಂತ್ಯಕ್ಕೇ ಹೊರಟರು. ಹಾಡುಗಾರನು ೧೯೭೦ರಲ್ಲಿ ಬೇರೊಂದು ಮೇಳವನ್ನು ಕಟ್ಟಿದನು. ಹಾಡಿದವರ ಕೂಟವು ಅಳಿಯಿತು, ಹಾಡು ಉಳಿಯಿತು. ಮುಂದಿನ ದಶಕದಲ್ಲಿ ಅದನ್ನು ಅನುಸರಿಸಿದವರು ಆ ಐವರ ಮುಖವನ್ನು ನೋಡಬೇಕಾಗಿರಲಿಲ್ಲ, ತಟ್ಟೆಯೊಂದಿದ್ದರೆ ಸಾಕಾಗಿತ್ತು.

ಈ ವೃತ್ತಾಂತವನ್ನು ಕೇಳಿದೊಡನೆ ಈ ಸೀಮೆಯ ಅಭಿಮಾನಿಗಳು ಒಂದು ಮಾತನ್ನು ಹೇಳುವುದುಂಟು: "ಇದರಲ್ಲಿ ಹೊಸದೇನು? ರಾತ್ರಿಯಿಡೀ ಒಂದೇ ಕಥೆಯನ್ನು ಹಾಡುವವರು ಇಲ್ಲಿ ಎಷ್ಟೋ ಕಾಲದಿಂದ ಇಲ್ಲವೆ?" ಮಾತು ನಿಜ. ಹನೂರಿನ ಆಚೆಯ ಮಲೆಗಳಲ್ಲಿ ನೆಲಸಿರುವ ಮಾದೇಶ್ವರನ ಕಥೆಯನ್ನು ದೇವರಗುಡ್ಡರು ಕಂಸಾಳೆ ಹಿಡಿದು ಹಾಡುತ್ತಾರೆ. ಮಂಟೇಸ್ವಾಮಿ, ಸಿದ್ಧಪ್ಪಾಜಿಯರ ಕಥೆಯನ್ನು ನೀಲಗಾರರು ತಂಬೂರಿ, ಗಗ್ಗರ, ದಮ್ಮಡಿಗಳೊಡನೆ ಹಾಡುತ್ತಾರೆ. ಮೂಡಿ ಬ್ಲೂಸಿನವರು ಒಂದು ಹಗಲನ್ನು ನಲವತ್ತು ನಿಮಿಷಗಳಲ್ಲಿ ಅಡಗಿಸಿದರೆ, ಇಲ್ಲಿ ದೀಪ ಹಚ್ಚುವ ಹೊತ್ತಿನಲ್ಲಿ ಹಿಡಿದ ಸಾಲು ಕೋಳಿ ಕೂಗಿದರೂ ಮುಗಿಯದೆ ಇರಬಹುದು. ಆದರೆ ಈ ಅಭಿಮಾನದಿಂದ ಸಿದ್ಧವಾಗುವುದೇನು? ಲಂಡನ್ನಿನ ಆ ತರುಣರು ಕಂಸಾಳೆಯ ಸದ್ದನ್ನು ಕೇಳಿದವರಲ್ಲ. ಗುಡ್ಡರಿಗೆ ಅವರ ಗೊಡವೆಯಿರಲಿಲ್ಲ. ಹೋಲಿಕೆಯೇ ಬೇರೆ, ಪ್ರಭಾವವೇ ಬೇರೆ. ಹೋಲಿಕೆಯಿಂದ ಯಾರಿಗೂ ಋಣ ಹುಟ್ಟುವುದಿಲ್ಲ. "ನಮ್ಮಲ್ಲಿ ಮೊದಲೇ ಇತ್ತು" ಎನ್ನುವವನು ಬಾಗಿಲಿಗೆ ಬಂದ ನೀಲಗಾರನಿಗೆ ಒಂದು ಹಿಡಿ ಪಡಿ ಹಾಕಿ, ಒಂದು ಸಾಲನ್ನೂ ಕೇಳದೆ ಕಳುಹಿಸಿದವನಾಗಿದ್ದರೆ, ಆ ಮಾತಿಗೆ ಹುರುಳು ಎಲ್ಲಿಂದ ಬರಬೇಕು?

ಹೋಲಿಕೆಯನ್ನು ಬಿಟ್ಟು ವ್ಯತ್ಯಾಸವನ್ನು ನೋಡುವುದೇ ಲೇಸು. ಕ್ರಿಮ್ಸನ್ ಮೇಳದಲ್ಲಿ ಕೂಟವಳಿದು ಕೃತಿಯುಳಿಯಿತಷ್ಟೆ. ಇಲ್ಲಿ ನಡೆದಿರುವುದು ಅದಕ್ಕೆ ವಿಪರೀತ. ನಿನ್ನೆ ರಾತ್ರಿಯ ಹಾಡು ನಿನ್ನೆಯೇ ಹೋಯಿತು. ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು ಎಂದು ಕಥೆಯ ಭಾಗಗಳಿಗೆ ಹೆಸರುಗಳುಂಟು; ಆದರೆ ಇಂದಿನ ಸಂಕಮ್ಮನ ಸಾಲು ಮಾತಿಗೆ ಮಾತು ನಾಳೆ ಬರುವುದಿಲ್ಲ. ಕೇಳುವವರು ಯಾರು, ಊರು ಯಾವುದು, ಹೊತ್ತೆಷ್ಟು, ಹಾಡುವವನ ಉಸಿರೆಷ್ಟು, ಇವೆಲ್ಲವೂ ಅದನ್ನು ತಿದ್ದುತ್ತವೆ. ಉಳಿದಿರುವುದು ಕೂಟ. ಹರಕೆ ಹೊತ್ತು ಮಗನನ್ನು ದೇವರಿಗೆ ಬಿಟ್ಟ ಮನೆ, ದೀಕ್ಷೆಯನ್ನಿತ್ತ ಗುರು, ಪಡಿ ನೀಡುವ ಒಕ್ಕಲು, ಪುಷ್ಯ ಮಾಸದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ನೆರೆಯುವ ಜನ, ಇವುಗಳ ನಡುವೆ ಹಾಡು ಕೈಯಿಂದ ಕೈಗೆ ಸಾಗುತ್ತದೆ. ೧೯೫೬ರವರೆಗೆ ಕೊಳ್ಳೇಗಾಲವು ಮದರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಗೂ ಯಳಂದೂರು ಮೈಸೂರು ಸೀಮೆಗೂ ಸೇರಿದ್ದುವೆಂಬುದು ವಾಚಕರಿಗೆ ತಿಳಿದೇ ಇದೆ. ಹಾಡು ಆ ಗಡಿಯನ್ನು ಗಣಿಸಲಿಲ್ಲ.

ಹಾಗಾದರೆ ಗುರುಪರಂಪರೆಯೇ ಮೇಲು, ಯಂತ್ರವೇ ಕೀಳು ಎಂದು ತೀರ್ಪು ಕೊಡಬಹುದೆ? ಈ ತೀರ್ಪು ಬಹಳ ಸುಲಭವಾಗಿ ದೊರೆಯುವುದರಿಂದಲೇ ಅದನ್ನು ಸಂದೇಹಿಸಬೇಕು. ಪರಂಪರೆಗೆ ಬಾಗಿಲುಗಳುಂಟು. ಕಂಸಾಳೆಯು ಬಹುಮಟ್ಟಿಗೆ ಗಂಡಸರ ಕೈಯಲ್ಲಿಯೇ, ಹರಕೆಗೆ ಒಳಗಾದ ಕುಲಗಳಲ್ಲಿಯೇ ಉಳಿದುಬಂದಿತು. ತಟ್ಟೆಯು ಕೇಳುವವನ ಕುಲವನ್ನು ಕೇಳುವುದಿಲ್ಲ. ಗುರುವಿಲ್ಲದ ಊರಿನ ಹುಡುಗಿಯೊಬ್ಬಳು ಒಂದೇ ಹಾಡನ್ನು ನೂರು ಬಾರಿ ಕೇಳಿ, ತಪ್ಪಿದಲ್ಲಿ ಮುಳ್ಳನ್ನು ಹಿಂದಕ್ಕಿಟ್ಟು, ಯಾರ ಅಪ್ಪಣೆಯನ್ನೂ ಬೇಡದೆ ಕಲಿಯಬಹುದು. ೧೯೬೮ರಲ್ಲಿ ಆದರವನ್ನು ಪಡೆಯದ 'ಎಸ್. ಎಫ್. ಸಾರೋ' ಮುಂದೆ ತನ್ನವರನ್ನು ಕಂಡುಕೊಂಡದ್ದೂ ತಟ್ಟೆಯು ಕಾದುಕೊಂಡಿದ್ದುದರಿಂದಲೇ. ಬಾಯಿಹಾಡಾಗಿದ್ದರೆ ಕೇಳುವವರಿಲ್ಲದ ಆ ಮೊದಲ ವರ್ಷವೇ ಅದರ ಕೊನೆಯ ವರ್ಷವಾಗಬಹುದಾಗಿತ್ತು. ಈ ಸೀಮೆಯಲ್ಲಿಯೂ ಎಷ್ಟು ಸಾಲುಗಳು ಹಾಗೆ ಮಣ್ಣುಗೂಡಿದುವೋ ಹೇಳುವವರಾರು?

ಆದುದರಿಂದಲೇ ಬರೆದಿಟ್ಟವರ ಉಪಕಾರವನ್ನು ಮರೆಯಲಾಗದು. ೧೯೭೩ರಲ್ಲಿ ಪಿ. ಕೆ. ರಾಜಶೇಖರರು ಮಾದೇಶ್ವರನ ಕಾವ್ಯವನ್ನು ಅಚ್ಚುಮಾಡಿಸಿದರು. ೧೯೯೭ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಕೇಶವನ್ ಪ್ರಸಾದರ ಸಂಪಾದಕತ್ವದಲ್ಲಿ ಮಾದೇಶ್ವರ ಕಾವ್ಯವನ್ನೂ ಹಿ. ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಮಂಟೇಸ್ವಾಮಿ ಕಾವ್ಯವನ್ನೂ ಪ್ರಕಟಿಸಿತು. ೨೦೦೧ರಲ್ಲಿ ಸಾಹಿತ್ಯ ಅಕಾದೆಮಿಯು ಹೊರತಂದ ಇಂಗ್ಲಿಷ್ ಅನುವಾದದ ಮುಖಪತ್ರದಲ್ಲಿ, ಇದು ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳದವರು ಹಾಡಿದಂತೆ ಎಂಬ ಮಾತಿದೆ. 'ಹಾಡಿದಂತೆ' ಎಂಬ ಆ ಒಂದು ಪದದಲ್ಲಿ ಎರಡು ಸತ್ಯಗಳು ಅಡಗಿವೆ: ಪಡೆದದ್ದು ಇಂಥವರಿಂದ ಎಂಬುದೊಂದು, ಇನ್ನೊಬ್ಬರು ಹಾಡಿದ್ದರೆ ಬೇರೆಯಾಗಿರುತ್ತಿತ್ತೆಂಬುದು ಇನ್ನೊಂದು. ಋಣವನ್ನು ಒಪ್ಪಿಕೊಳ್ಳುವ ಕ್ರಮ ಇಷ್ಟು ಸರಳವಾಗಿರಬಹುದೆಂದು ತೋರಿಸಿಕೊಟ್ಟ ಪದವಿದು.

ಸಂಕಮ್ಮನ ಸಾಲನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಸೋಲಿಗರ ನೀಲೇಗೌಡನು ಜೇನಿಗಾಗಿ ಮಲೆಗೆ ಹೊರಡುವಾಗ, ತಾನಿಲ್ಲದಾಗ ಪತಿವ್ರತೆಯಾಗಿರುವೆನೆಂದು ಭಾಷೆ ಕೊಡಬೇಕೆಂದು ಹೆಂಡತಿಯನ್ನು ಕೇಳುತ್ತಾನೆ. ಸಂಕಮ್ಮ ಕೊಡಲೊಲ್ಲಳು. ಅವಳು ತಪ್ಪುವವಳೆಂದಲ್ಲ, ಆ ಭಾಷೆಯನ್ನು ಕೇಳುವುದೇ ಅವಮಾನವೆಂದು. ಅವಳು ಪಟ್ಟ ಪಾಡನ್ನೂ ಮಾದೇಶ್ವರನು ಅವಳ ಪಾಲಿಗೆ ಒದಗಿದುದನ್ನೂ ಹಾಡು ಹೇಳುತ್ತದೆ. ೧೭ನೆಯ ಶತಮಾನದಲ್ಲಿ 'ಹದಿಬದೆಯ ಧರ್ಮ'ವೆಂದು ಪತಿವ್ರತೆಯರ ನಡತೆಯನ್ನು ಕುರಿತು ಸಾಂಗತ್ಯ ಕಾವ್ಯವನ್ನು ಬರೆದ ಸಂಚಿಯ ಹೊನ್ನಮ್ಮನೂ ಇದೇ ಯಳಂದೂರಿನವಳು. ಓಲೆಯಲ್ಲಿ ನಿಂತದ್ದು ಒಂದು ಧರ್ಮ, ನಾಲಗೆಯಲ್ಲಿ ನಡೆದುಬಂದದ್ದು ಇನ್ನೊಂದು. ಮಲೆಯ ತಪ್ಪಲಿನ ಹೆಂಗಸರು ಎರಡನ್ನೂ ಕೇಳಿಸಿಕೊಂಡಿರಬೇಕು.

ಈ ಕಾವ್ಯಗಳಿಂದ ಪಡೆದವರು ಇತ್ತೀಚೆಗೆ ಅನೇಕರು. 'ಕೋಲುಮಂಡೆ' ಹಾಡನ್ನು ೧೯೯೬ರ 'ಜನುಮದ ಜೋಡಿ' ಚಲಚ್ಚಿತ್ರವು ನಾಡಿನ ಮನೆಮನೆಗೂ ಮುಟ್ಟಿಸಿತು. ೨೦೨೦ರಲ್ಲಿ ಅದನ್ನೇ ಹೊಸ ತಾಳಕ್ಕೆ ಹೊಂದಿಸಿ ಚಿತ್ರಿಸಿದಾಗ, ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ನೊಂದು ಆಕ್ಷೇಪಿಸಿದರು, ಚಿತ್ರವನ್ನು ಹಿಂತೆಗೆದುಕೊಳ್ಳಬೇಕಾಯಿತು. ಈ ಪ್ರಸಂಗವನ್ನು ಕೆಲವರು ಕಲೆಯ ಸ್ವಾತಂತ್ರ್ಯಕ್ಕೆ ಬಂದ ಕುತ್ತೆಂದರು, ಕೆಲವರು ಧರ್ಮಕ್ಕಾದ ಅಪಚಾರವೆಂದರು. ಇಬ್ಬರೂ ಅವಸರಪಟ್ಟರು. ತಾಳವನ್ನು ಬದಲಿಸಿದ್ದು ತಪ್ಪಾಗಲಾರದು. ಪ್ರತಿ ರಾತ್ರಿಯೂ ಬದಲಾಗುವ ಹಾಡಿಗೆ ಬದಲಾವಣೆಯೇ ಪ್ರಾಣ. ಧೈರ್ಯವೂ ತಪ್ಪಲ್ಲ, ಕಲ್ಯಾಣದ ಬಾಗಿಲಿಗೆ ಮಂಟೇಸ್ವಾಮಿಯನ್ನು ಹೇಸಿಕೆಯ ರೂಪದಲ್ಲಿ ತಂದು ನಿಲ್ಲಿಸಿ ಡಾಂಭಿಕರನ್ನು ಓಡಿಸಿದ ಕಾವ್ಯಕ್ಕಿಂತ ಧೈರ್ಯವಂತ ಕಾವ್ಯ ಬೇಕೆ? 'ಟಾಮಿ'ಯ ಬಾಲಕನನ್ನು ಹೇಗೆ ಬೇಕಾದರೂ ತಿರುಗಿಸಲು ಅದರ ಕರ್ತೃವಿಗೆ ಅಧಿಕಾರವಿತ್ತು. ಅವನೇ ಕಲ್ಪಿಸಿದ ಬಾಲಕನವನು. ಸಂಕಮ್ಮನನ್ನು ಕಲ್ಪಿಸಿದವನು ಯಾವನೂ ಇಲ್ಲ. ಅವಳು, ಗಂಡನು ಹೊರಟಾಗ ಅಂಥದೇ ಭಾಷೆಯನ್ನು ಕೊಡಬೇಕಾಗಿ ಬಂದು, ಹಾಡನ್ನು ಕೇಳಿ ತಲೆಯೆತ್ತಿದ ಎಷ್ಟೋ ಹೆಂಗಸರಿಗೆ ಸೇರಿದವಳು. ಪಡೆದವನು ಉತ್ತರ ಹೇಳಬೇಕಾದುದು ಅವರಿಗೆ. ಹಾಡನ್ನು ಬದಲಿಸಿದ ಮೇಲೆ ಅದನ್ನು ಅವರ ಮುಂದೆ ಕುಳಿತು ಹಾಡಬಲ್ಲನೋ ಇಲ್ಲವೋ ಎಂಬುದನ್ನು ಅವನು ತನ್ನನ್ನೇ ಕೇಳಿಕೊಳ್ಳಬಹುದು. ಗುಡ್ಡನು ಪ್ರತಿ ರಾತ್ರಿಯೂ ಹಾಗೆಯೇ ಅವರೆದುರಿಗೆ ಹಾಡುತ್ತಾನೆ. ತಟ್ಟೆಗೆ ಹಾಡುವವನಿಗೆ ಎದುರಿನ ಮುಖಗಳು ಕಾಣುವುದಿಲ್ಲ.

ಹಾಗೆಂದು ತಟ್ಟೆಯ ಹಾಡುಗಾರರೂ ತಟ್ಟೆಗೇ ಕಟ್ಟುಬಿದ್ದವರಲ್ಲ. ೧೯೯೮ರಲ್ಲಿ ಪ್ರೆಟಿ ಥಿಂಗ್ಸ್ ಮೇಳದವರು, ಮೂವತ್ತು ವರ್ಷಗಳ ಹಿಂದೆ ಮುದ್ರಿಸಿದ್ದ ಅದೇ ಲಂಡನ್ ಶಾಲೆಗೆ ಮರಳಿ ಬಂದು, ತಮ್ಮ ಕಥೆಯನ್ನು ಜನರೆದುರು ಮೊದಲಿನಿಂದ ಕೊನೆಯವರೆಗೆ ಹಾಡಿದರು. ಒಡೆದುಹೋದ ಕಿಂಗ್ ಕ್ರಿಮ್ಸನ್ ಹಲವು ಬಾರಿ ಹೊಸಬರನ್ನು ಕೂಡಿಕೊಂಡು ಎದ್ದು, ೨೦೨೧ರವರೆಗೂ ಊರೂರು ತಿರುಗಿ, ೧೯೬೯ರ ಹಾಡನ್ನು ಮೂವರು ತಾಳವಾದ್ಯಗಾರರ ಸಂಗಡ ಬೇರೆಯಾಗಿ ನುಡಿಸಿತು. ಇತ್ತ ಚಿಕ್ಕಲ್ಲೂರಿನ ಹುಣ್ಣಿಮೆಯಲ್ಲಿ, ಕಬ್ಬಿಣದ ಭಿಕ್ಷೆಗೆಂದು ಸಿದ್ಧಪ್ಪಾಜಿಯು ಹಲಗೂರಿಗೆ ಹೊರಟ ಸಾಲನ್ನು ನೀಲಗಾರನು ಎತ್ತಿಕೊಂಡರೆ, ಸುತ್ತಲಿನ ತರುಣರು ಕೈಯಲ್ಲಿರುವ ಯಂತ್ರವನ್ನು ಚಾಚಿ ಹಿಡಿಯುತ್ತಾರೆ. ಯಂತ್ರದಲ್ಲಿ ಆ ರಾತ್ರಿ ಉಳಿಯುತ್ತದೆ. ಮುಂದಿನ ವರ್ಷ ಅದೇ ನೀಲಗಾರನು ಅದನ್ನು ಹಾಗೆ ಹಾಡುವುದಿಲ್ಲ.